ಅಜ್ಜಿ ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ, ಕಲ್ಲಿನ ಮೇಲೆ ಏನು ಕೆತ್ತಿಸೋಣ?

ಬ್ಯಾಡಗಿ ಮೊಮ್ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಈ ಸಲ ಯುಗಾದಿಗೆ ಸ್ವಲ್ಪ ಮುಂಚೆ ಲಿಂಗೈಕ್ಯಳಾದಳು. ಬ್ಯಾಡಗಿಯಲ್ಲಿ, ತಾನು ಸೊಸೆಯಾಗಿ ಬಂದ ಮನೆಯಲ್ಲೇ. ತೊಂಬತ್ತರ ಆಸುಪಾಸು ಅಂತ ಎಲ್ಲರೂ ಹೇಳುತ್ತಾರೆ, ಸರಿಯಾದ ವರ್ಷ ಮಾತ್ರ ಯಾರಿಗೂ ಗೊತ್ತಿಲ್ಲ. ವರ್ಷದ ಕಾರ್ಯದ ಹೊತ್ತಿಗೆ ಸಮಾಧಿಗೆ ಒಂದು ಕಲ್ಲು ಹಾಕಿಸಬೇಕು ಅಂತ ಮನೆಯಲ್ಲಿ ಮಾತಾಗಿದೆ. ಕಲ್ಲು ಕೆತ್ತುವವರು ಹುಟ್ಟಿದ ವರ್ಷ ಕೇಳಿದ್ದಾರೆ.

ಆಧಾರ್ ಕಾರ್ಡಿನಲ್ಲಿ 01-01-1942 ಅಂತಿದೆ. ನಮ್ಮ ಕಾಕಾ ಅದನ್ನೇ ಕೆತ್ತಿಸೋಣ, ಮರಣ ಪ್ರಮಾಣಪತ್ರಕ್ಕೂ ಹೊಂದುತ್ತದೆ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ದೊಡ್ಡಪ್ಪ ಹುಟ್ಟಿದ್ದು 1953ರಲ್ಲಿ, ಅದು ಶಾಲೆ ದಾಖಲೆಯಲ್ಲೇ ಇದೆ. ಆಧಾರ್ ನಿಜ ಅಂದರೆ ಅಜ್ಜಿ ಹನ್ನೊಂದು ವರ್ಷಕ್ಕೆ ತಾಯಿ ಆಗಿರಬೇಕು. ಮದುವೆಯಾಗಿ ಮೂರ್ನಾಲ್ಕು ವರ್ಷದ ಮೇಲೆ ಚೊಚ್ಚಲ ಹೆರಿಗೆ ಆಯಿತು ಅಂತ ಆಕೆಯೇ ಹೇಳುತ್ತಿದ್ದಳು. ಲೆಕ್ಕ ಕೂಡುವುದೇ ಇಲ್ಲ.

ನನ್ನ ಹತ್ತಿರ ಇರುವುದು ಆಕೆ ಆಡಿದ ಮಾತುಗಳು ಮಾತ್ರ. ನೆನಪಿದ್ದಷ್ಟು ಬರೆಯುತ್ತೇನೆ, ತಿಳಿದವರು ವರ್ಷ ಹಿಡಿಯಲು ಸಹಾಯ ಮಾಡಿ.

ಆಕೆಯ ತವರು ಮೋಟೆಬೆನ್ನೂರು, ಬ್ಯಾಡಗಿಗೆ ಹತ್ತಿರದಲ್ಲೇ ಇರುವ ಊರು. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವಪ್ಪನವರ ಊರೂ ಅದೇ. ಹೊಸರಿತ್ತಿಯಲ್ಲಿ ಮಹಾದೇವಪ್ಪನವರು ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಊರಿಗೆ ಬಂದ ದಿನ ಅಜ್ಜಿಗೆ ಚೆನ್ನಾಗಿ ನೆನಪಿತ್ತು. "ಅವತ್ತ ನಮ್ಮ ಓಣ್ಯಾಗ ಯಾರೂ ಒಲಿ ಹಚ್ಚಲಿಲ್ಲ. ನಮ್ಮಪ್ಪ ಕಟ್ಟಿ ಮ್ಯಾಲೆ ಕುಂತು ಅಳತಿದ್ದ. ಅಪ್ಪ ಅತ್ತಿದ್ದು ನಾ ನೋಡಿದ್ದು ಅದ ಮೊದಲು" ಅನ್ನುತ್ತಿದ್ದಳು. ಆಗ ತಾನು ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದೆ ಅಂತಲೂ ಹೇಳುತ್ತಿದ್ದಳು. ಆಧಾರ್ ಪ್ರಕಾರ ಹೋದರೆ ಆಗ ಅವಳನ್ನೇ ಯಾರಾದರೂ ಹೊರಬೇಕಿತ್ತು.

ಇನ್ನೊಂದು ಮಾತು: "ಯುವ ಸಂವತ್ಸರದಾಗ, ಸೀಗಿ ಹುಣ್ಣಿಮಿ ಹಿಂದ ಮುಂದ ಹುಟ್ಟೀದಿ ಅಂತ ನಮ್ಮವ್ವ ಅಂತಿದ್ಲು." ಇದನ್ನು ಇಂಗ್ಲಿಷ್ ವರ್ಷಕ್ಕೆ ಹೇಗೆ ತರುವುದು ಅಂತ ನನಗೆ ಗೊತ್ತಿಲ್ಲ. ದೇಶದ ಮೊದಲ ಚುನಾವಣೆ ಬಂದಾಗ ತನಗೆ ಲಗ್ನ ಆಗಿತ್ತು, ಆದರೆ ಓಟು ಇರಲಿಲ್ಲ, ಅತ್ತೆ ಒಬ್ಬಳೇ ಹೋಗಿ ಹಾಕಿ ಬಂದಳು ಅನ್ನುವುದು ಮೂರನೆಯದು. ತವರಿನಲ್ಲಿ ಎರಡನೇ ಇಯತ್ತೆ ತನಕ ಓದಿದ್ದಳಂತೆ.

ವರ್ಷದ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಮನೆಮಂದಿಗೆ ಹಂಚಲು ಆಕೆಯ ಬದುಕನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆಯಬೇಕು ಅಂದುಕೊಂಡಿದ್ದೇನೆ. ನೆಂಟರನ್ನು ಕೇಳಿದರೆ "ದೊಡ್ಡ ಜೀವ, ಬಹಳ ಕಷ್ಟಪಟ್ಟಳು, ಎಲ್ಲರಿಗೂ ಉಣ್ಣಿಸಿದಳು" ಅಂತಾರೆ. ಎಲ್ಲವೂ ನಿಜ. ಆದರೆ ಈ ಮಾತು ಯಾವ ಅಜ್ಜಿಗೂ ಒಪ್ಪುತ್ತದೆ. ನಮ್ಮ ಅಜ್ಜಿಯದೇ ಅನ್ನುವಂಥದ್ದು ಅದರಲ್ಲಿ ಬರುತ್ತಿಲ್ಲ.

ನಾನು ಕಂಡ ಅಜ್ಜಿ ಮೆಣಸಿನಕಾಯಿ ಅಜ್ಜಿ. ನಮ್ಮಜ್ಜ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ಬೇಗ ಹೋದರು. ಮುಂದೆ ಮೂರು ಗಂಡು ಮಕ್ಕಳು, ಒಬ್ಬ ಮಗಳನ್ನು ಆಕೆ ಸಾಕಿದ್ದು ದಲಾಲಿ ಅಂಗಡಿಗಳಲ್ಲಿ ಕಾಯಿ ಆರಿಸಿ, ತೊಟ್ಟು ಮುರಿದು. ಸುಗ್ಗಿ ಶುರುವಾದರೆ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಓಣಿ ತುದಿಗೆ ಬಂದರೇ ನಮಗೆ ಸೀನು. ಸೀರೆ, ಕೂದಲು, ಎಲೆಅಡಿಕೆ ಸಂಚಿ, ಎಲ್ಲದರಲ್ಲೂ ಘಾಟು. ಎಷ್ಟೇ ಕರೆದರೂ ತಕ್ಷಣ ನಮ್ಮನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಕೈಗೆ ಎಣ್ಣೆ ತಿಕ್ಕುತ್ತಿದ್ದಳು, ಆಮೇಲೆ ಕಡಲೆಹಿಟ್ಟು ಹಚ್ಚಿ ತೊಳೆಯುತ್ತಿದ್ದಳು, ಆಮೇಲೆ ಸೀರೆ ಬದಲಿಸುತ್ತಿದ್ದಳು. ಬರೀ ನೀರಲ್ಲಿ ತೊಳೆದರೆ ಉರಿ ಹೋಗಲ್ಲ ಅಂತ ಆಕೆಗೆ ಯಾರೂ ಓದಿಸಿರಲಿಲ್ಲ. ನಾನು ಈಗ ಹುಬ್ಬಳ್ಳಿಯಲ್ಲಿ ಲ್ಯಾಬ್ ಕೆಲಸದಲ್ಲಿದ್ದೇನೆ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ ಅಂತ ಕಾಲೇಜಿನಲ್ಲಿ ಓದಿದಾಗ ನನಗೆ ಅಜ್ಜಿಯ ಬಚ್ಚಲುಮನೆಯ ಎಣ್ಣೆ ಡಬ್ಬಿಯೇ ಕಣ್ಣ ಮುಂದೆ ಬಂತು.

ಡಬ್ಬಿ ಕಾಯಿ, ಕಡ್ಡಿ ಕಾಯಿ ಬೇರೆ ಮಾಡುವುದು ಯಾರಿಗೂ ಬರುತ್ತದೆ. ಒಂದು ಗಿಡ್ಡ, ದಪ್ಪ, ಬೀಜ ಜಾಸ್ತಿ. ಇನ್ನೊಂದು ಉದ್ದ, ಮೈತುಂಬ ಸುಕ್ಕು, ಬೀಜ ಕಡಿಮೆ. ಅಜ್ಜಿ ಅದರಾಚೆಗೆ ಹೋಗುತ್ತಿದ್ದಳು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಸದ್ದು ಮಾಡುವುದನ್ನು ಕೇಳಿ "ಒಣಗೇತಿ" ಅಥವಾ "ಇನ್ನೆರಡು ಬಿಸಲು ಬೇಕು" ಅನ್ನುತ್ತಿದ್ದಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ (ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಬಂದಾಗ ನಾನು ಪೇಪರ್ ಓದಿ ಹೇಳಿದೆ. ಬಹಳ ಖುಷಿಪಟ್ಟಳು. "ನಮ್ಮ ಕಾಯಿ ಹೆಸರು ಅದರಾಗ ಬರದಾರೇನ? ಎಲ್ಲಿ, ತೋರಸು" ಅಂತ ಆ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

ಇವೆಲ್ಲ ನನಗೆ ಗೊತ್ತಿರುವ ಕೊನೆಯ ಮೂವತ್ತು ವರ್ಷದ ಅಜ್ಜಿ. ಅದಕ್ಕೂ ಹಿಂದಿನ ಅರವತ್ತು ವರ್ಷವನ್ನು ಎಲ್ಲಿ ಹುಡುಕಲಿ?

ಪಂಚಾಂಗದ ಮನೆಯವ

ಅಜ್ಜಿಗೆ ನಮನಗಳು. ವರ್ಷದ ಪ್ರಶ್ನೆ ಮೊದಲು ಬಿಡಿಸೋಣ, ಅದು ಕಷ್ಟವಲ್ಲ.

ಸಂವತ್ಸರಗಳು ಅರವತ್ತು. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು ಮತ್ತೆ ಪ್ರಭವ ಬರುತ್ತದೆ. ನಮ್ಮಲ್ಲಿ ನಡೆಯುವ ಲೆಕ್ಕದಲ್ಲಿ 1987ರ ಯುಗಾದಿಗೆ ಪ್ರಭವ ಬಂತು. ಅದಕ್ಕೂ ಹಿಂದಿನ ಪ್ರಭವ 1927ರದ್ದು. ಅಲ್ಲಿಂದ ಎಣಿಸಿ: ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ, ಭಾವ, ಯುವ. ಯುವ ಸಂವತ್ಸರ ಅಂದರೆ 1935ರ ಯುಗಾದಿಯಿಂದ 1936ರ ಯುಗಾದಿಯವರೆಗೆ. ಇದರ ಆಚೀಚೆಯ ಯುವ 1875 ಮತ್ತು 1995. ಹಾಗಾಗಿ ಗೊಂದಲಕ್ಕೆ ಜಾಗವೇ ಇಲ್ಲ.

ಸೀಗಿ ಹುಣ್ಣಿಮೆ ಆಶ್ವಯುಜ ಮಾಸದ್ದು. 1935ರಲ್ಲಿ ಅದು ಅಕ್ಟೋಬರ್ ಎರಡನೇ ವಾರದಲ್ಲಿ ಬಂದಿತ್ತು. ನಿಮ್ಮ ಅಜ್ಜಿ 1935ರ ಅಕ್ಟೋಬರ್ ಸುಮಾರಿಗೆ ಹುಟ್ಟಿದವರು.

ಈಗ ನೀವು ಕೊಟ್ಟ ಬೇರೆ ಮಾತುಗಳನ್ನು ಇದಕ್ಕೆ ಹಚ್ಚಿ ನೋಡಿ. ಮಹಾದೇವಪ್ಪನವರು, ಅವರ ಜೊತೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ, ಹೊಸರಿತ್ತಿಯಲ್ಲಿ ಹುತಾತ್ಮರಾದದ್ದು 1943ರ ಏಪ್ರಿಲ್ 1. ಆಗ ಅಜ್ಜಿಗೆ ಏಳೂವರೆ ವರ್ಷ. ಅಪ್ಪ ಅತ್ತದ್ದು ನೆನಪಿರುವ ವಯಸ್ಸು, ತಮ್ಮನನ್ನು ಹೊರುವ ವಯಸ್ಸು. ಮೊದಲ ಚುನಾವಣೆ ನಡೆದದ್ದು 1951–52ರಲ್ಲಿ. ಆಗ ಓಟಿನ ವಯಸ್ಸು ಇಪ್ಪತ್ತೊಂದು, ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಹದಿನಾರರ ಸೊಸೆಗೆ ಓಟು ಇರಲಿಲ್ಲ, ಅತ್ತೆಗೆ ಇತ್ತು. ದೊಡ್ಡಪ್ಪ 1953ರಲ್ಲಿ ಹುಟ್ಟಿದರು, ಅಲ್ಲಿಗೆ ಅಜ್ಜಿಗೆ ಹದಿನೇಳೋ ಹದಿನೆಂಟೋ. ನಾಲ್ಕು ಕಡೆಯಿಂದ ನೋಡಿದರೂ ಕೂಡುತ್ತದೆ.

ಅವರ ನೆನಪು ಎಷ್ಟು ಖಚಿತ ನೋಡಿ. ಧೈರ್ಯವಾಗಿ 1935 ಅಂತ ಕೆತ್ತಿಸಿ.

ಹಾವೇರಿ ಹುಡುಗ

ನನ್ನ ಅಭಿಪ್ರಾಯ ಬೇರೆ. ಕಲ್ಲು, ಮರಣ ಪ್ರಮಾಣಪತ್ರ, ಬ್ಯಾಂಕ್ ಕಾಗದ ಎಲ್ಲ ಒಂದೇ ಇದ್ದರೆ ಮುಂದೆ ಯಾರಿಗೂ ತಲೆಬಿಸಿ ಇರಲ್ಲ. ಮನೆಯಲ್ಲಿ ಹಿರಿಯರು ಹೇಳಿದ್ದನ್ನು ಕೇಳಿ. ವರ್ಷ ಯಾವುದಾದರೆ ಏನು, ಪ್ರೀತಿ ಇದ್ದರೆ ಸಾಕು ಅಲ್ವಾ?

ನಿವೃತ್ತ ಮಾಸ್ತರ, ರಾಣೆಬೆನ್ನೂರು

ಮೇಲಿನ ತಮ್ಮನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಸಮಾಧಿ ಕಲ್ಲು ಸರ್ಕಾರಿ ದಾಖಲೆ ಅಲ್ಲ. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ. ಕಾಗದದಲ್ಲಿ ಇರುವುದು ಹಾಗೇ ಇರಲಿ, ಅದನ್ನು ತಿದ್ದಲು ಹೋಗಬೇಡಿ. ಕಲ್ಲಿನಲ್ಲಿ ನಿಜ ಇರಲಿ. ಎರಡಕ್ಕೂ ಜಗಳವಿಲ್ಲ.

ಆ ಜನವರಿ 1 ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ಕೈಯಲ್ಲಿ ದಾಖಲೆ ಇಲ್ಲದ ಹಿರಿಯರ ವಯಸ್ಸನ್ನು ಅಂದಾಜಿನಲ್ಲಿ ಬರೆದುಕೊಂಡರು. ವರ್ಷ ಅಂದಾಜು, ತಿಂಗಳು ತಾರೀಖು ಜನವರಿ 1. ಶಾಲೆಗಳಲ್ಲೂ ಹೀಗೇ ನಡೆದಿತ್ತು, ಅಲ್ಲಿ ಜೂನ್ 1. ಜೂನ್‌ನಲ್ಲಿ ಶಾಲೆ ಶುರು, ಮಗುವನ್ನು ಸೇರಿಸಿಕೊಳ್ಳಲು ವಯಸ್ಸು ಕೂಡಬೇಕು. ತಂದೆತಾಯಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಹೆಡ್‌ಮಾಸ್ತರರು ಜೂನ್ 1 ಅಂತ ಬರೆದು ಒಳಗೆ ಕೂರಿಸುತ್ತಿದ್ದರು. ಅದರಿಂದ ಎಷ್ಟೋ ಮಕ್ಕಳು ಅಕ್ಷರ ಕಲಿತರು. ಆ ತಾರೀಖನ್ನು ಮಾತ್ರ ಹುಟ್ಟಿದ ದಿನ ಅಂತ ನಂಬಬಾರದು.

ಈಗ ಜಾರಿಯಲ್ಲಿರುವ ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ದಾಖಲೆ ಇಡುತ್ತಿದ್ದರು, ಆದರೆ ಎಲ್ಲ ಮಕ್ಕಳ ಹೆಸರೂ ಅದರಲ್ಲಿ ಇರುತ್ತದೆ ಅಂತಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೋಟೆಬೆನ್ನೂರಿನ ಹಳೇ ಪುಸ್ತಕ ಇದೆಯೇ ಕೇಳಿ. ಎರಡನೇ ಇಯತ್ತೆ ತನಕ ಓದಿದ್ದರು ಅಂದಿರಲ್ಲ, ಅಲ್ಲಿನ ಹಳೇ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ಅಜ್ಜಿ ಹೆಸರು ಸಿಗದಿದ್ದರೆ ಸೊಂಟದ ಮೇಲಿದ್ದ ತಮ್ಮನ ಹೆಸರು ಹುಡುಕಿ. ಅಕ್ಕತಮ್ಮಂದಿರ ನಡುವೆ ಎಷ್ಟು ವರ್ಷ ಅಂತರ ಅನ್ನುವುದು ಮನೆಯಲ್ಲಿ ಯಾರಿಗಾದರೂ ನೆನಪಿದ್ದೇ ಇರುತ್ತದೆ.

ಇನ್ನೊಂದು ವಿಷಯ ಪುಸ್ತಕಕ್ಕೆ ಉಪಯೋಗವಾದೀತು. ನಿಮ್ಮ ಅಜ್ಜಿ ಹುಟ್ಟಿದಾಗ ಆ ಊರು ಮುಂಬಯಿ ಪ್ರಾಂತದಲ್ಲಿತ್ತು. ಸ್ವಾತಂತ್ರ್ಯದ ನಂತರ ಮುಂಬಯಿ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆ ಬಂತು. ಆಣೆ ಲೆಕ್ಕ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಅಂದರೆ ಪೇಟೆಯಲ್ಲಿ ಕೂಲಿ ಎಣಿಸುವ ಹೆಣ್ಣುಮಗಳು ಲೆಕ್ಕವನ್ನೇ ಹೊಸದಾಗಿ ಕಲಿಯಬೇಕಾಯಿತು. ತವರಿನಿಂದ ಗಂಡನ ಮನೆಗೆ ಬಿಟ್ಟರೆ ಅವರು ಎಲ್ಲಿಗೂ ಹೋಗಲಿಲ್ಲ, ಆದರೂ ಇಷ್ಟೆಲ್ಲವನ್ನು ದಾಟಿದರು. ಒಂದೊಂದು ವರ್ಷದ ಎದುರಿಗೆ ಅವರ ಮನೆಯಲ್ಲಿ ಆಗ ಏನು ನಡೆದಿತ್ತು ಅಂತ ಬರೆದುಕೊಳ್ಳಿ. ಹುಡುಕಲು ದಾರಿ ಸಿಗುತ್ತದೆ.

ಕುಂದಗೋಳದಾಕಿ

ಓದಿ ಕಣ್ಣು ತುಂಬಿತು. ನಮ್ಮದು ಮೆಣಸಿನಕಾಯಿ ಬೆಳೆಯುವ ಮನೆ. ನಮ್ಮ ಹೊಲದ ಕಾಯಿ ಬ್ಯಾಡಗಿಗೇ ಹೋಗುತ್ತಿತ್ತು. ಸೋಮವಾರ, ಗುರುವಾರದ ಪೇಟೆಗೆ ಹಿಂದಿನ ರಾತ್ರಿಯೇ ಚೀಲ ಹೇರಿಕೊಂಡು ಅಪ್ಪ ಹೊರಡುತ್ತಿದ್ದ. ನಮ್ಮವ್ವ, ನಮ್ಮಜ್ಜಿ ಬಿಡಿಸಿ ಒಣಗಿಸಿದ ಕಾಯಿಯನ್ನು ಅಲ್ಲಿ ನಿಮ್ಮ ಅಜ್ಜಿ ಆರಿಸಿರಬಹುದು.

ತಂಗಿ, ನಿನಗೆ ಒಂದು ಮಾತು ಹೇಳಲಾ? ನೆಂಟರನ್ನು ಕೇಳುವುದು ಸ್ವಲ್ಪ ನಿಲ್ಲಿಸು. ನೆಂಟರು ಆಕೆಯನ್ನು ಕಂಡದ್ದು ಹಬ್ಬದಲ್ಲಿ, ಮದುವೆಯಲ್ಲಿ, ಅಡುಗೆಮನೆಯಲ್ಲಿ. ದಿನದ ಹತ್ತು ತಾಸು ಆಕೆಯ ಮಗ್ಗುಲಲ್ಲಿ ಕೂತವರು ಬೇರೆ ಇದ್ದಾರೆ. ಆ ಸಾಲಿನಲ್ಲಿ ಕೂತ ಹೆಂಗಸರಲ್ಲಿ ಈಗಲೂ ಬದುಕಿರುವವರು ಯಾರು ಅಂತ ಹುಡುಕು. ಅವರನ್ನು ಹೀಗೆ ಕೇಳು: ಕೂಲಿ ತೂಕಕ್ಕೋ ಚೀಲಕ್ಕೋ? ಮಧ್ಯಾಹ್ನ ಬುತ್ತಿಯಲ್ಲಿ ಏನು ಬರುತ್ತಿತ್ತು, ಯಾರ ಜೊತೆ ಹಂಚಿಕೊಳ್ಳುತ್ತಿದ್ದಳು? ಮೊಲೆಗೂಸು ಇದ್ದಾಗ ಎಲ್ಲಿ ಮಲಗಿಸುತ್ತಿದ್ದಳು? ಏನು ಹಾಡುತ್ತಿದ್ದಳು? ಯಾರ ಮೇಲೆ ಸಿಟ್ಟು ಬರುತ್ತಿತ್ತು? 1972ರ ಬರದಲ್ಲಿ ಕಾಯಿ ಇಲ್ಲದಾಗ ಏನು ಮಾಡಿದರು? "ಒಳ್ಳೆಯವಳಾಗಿದ್ದಳಾ" ಅಂತ ಮಾತ್ರ ಕೇಳಬೇಡ. ಎಲ್ಲರೂ ಹೌದು ಅಂದು ಸುಮ್ಮನಾಗುತ್ತಾರೆ.

ಬ್ಯಾಡಗಿ ಕಾಯಿ ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುತ್ತದೆ, ಹಡಗು ಹತ್ತುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ ಅಂತ ಎಲ್ಲ ಕಡೆ ಬರೆಯುತ್ತಾರೆ. ತೊಟ್ಟು ಮುರಿದವರ ಹೆಸರು ಎಲ್ಲೂ ಬರೆದದ್ದು ನಾನು ಕಂಡಿಲ್ಲ. ನೀನು ಬರೆ.

ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಅಂಗಳದಲ್ಲಿ ಹಾಸಿ, ಕಾಕಾ ದೊಡ್ಡಪ್ಪರನ್ನು ಕೂರಿಸಿ, ಒಂದೊಂದು ತುಂಡು ಯಾರ ಬಟ್ಟೆ ಅಂತ ಕೇಳು. ನಮ್ಮನೆಯಲ್ಲಿ ಹಾಗೆ ಕೇಳಿದಾಗ, ಸಣ್ಣವಳಿದ್ದಾಗಲೇ ತೀರಿಕೊಂಡ ಅತ್ತೆಯೊಬ್ಬಳ ಸುದ್ದಿ ಹೊರಗೆ ಬಂತು. ಅವಳ ಲಂಗದ ತುಂಡು ಅದರಲ್ಲಿತ್ತು. ಅಲ್ಲಿಯತನಕ ನಮಗ್ಯಾರಿಗೂ ಅವಳ ಹೆಸರೇ ಗೊತ್ತಿರಲಿಲ್ಲ.

ಬ್ಯಾಡಗಿ ಮೊಮ್ಮಗಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ನೀವು ಹೇಳಿದ ದಾರಿಯಲ್ಲೇ ಹೋದೆ, ಏನು ಸಿಕ್ಕಿತು ಅಂತ ಹೇಳುತ್ತೇನೆ.

ತಾಲ್ಲೂಕು ಕಚೇರಿಯಲ್ಲಿ ಆ ಕಾಲದ ಪುಸ್ತಕ ಸಿಗಲಿಲ್ಲ. ಶಾಲೆಯ ಹಳೇ ರಿಜಿಸ್ಟರಿನಲ್ಲಿ ಅಜ್ಜಿ ಇರಬೇಕಾದ ಹಾಳೆಗಳು ಹುಳ ತಿಂದಿವೆ. ಆದರೆ ತಮ್ಮನ ಹೆಸರು ಇದೆ. ಹುಟ್ಟಿದ್ದು 1938, ಮಾಸ್ತರರು ಹೇಳಿದ ಹಾಗೇ ಜೂನ್ 1. ಅವರ ಮನೆಗೆ ಹೋಗಿ ಕೇಳಿದರೆ ಅಕ್ಕನಿಗೂ ಅವರಿಗೂ ಮೂರು ವರ್ಷ ಅಂತರ ಅಂತ ಅವರ ಮಗಳು ಹೇಳಿದರು. ಕಾಕಾಗೆ ಸಂವತ್ಸರದ ಲೆಕ್ಕ, ಈ ಲೆಕ್ಕ ಎರಡನ್ನೂ ಬರೆದು ತೋರಿಸಿದೆ. ಅವರು ಬೆರಳು ಮಡಚಿ ಪ್ರಭವದಿಂದ ತಾವೇ ಎಣಿಸಿ ನೋಡಿದರು. ಆಮೇಲೆ "ಹಂಗಾದ್ರ ಅವ್ವ ತೊಂಬತ್ತು ಕಂಡಾಳ" ಅಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. 1935 ಅಂತ ಕೆತ್ತಿಸಲು ಒಪ್ಪಿದ್ದಾರೆ.

ಕುಂದಗೋಳದ ಅಕ್ಕ, ನೀವು ಹೇಳಿದ್ದೇ ದೊಡ್ಡ ದಾರಿ ತೆರೆಯಿತು. ಅಜ್ಜಿಯ ಸಾಲಿನಲ್ಲಿ ಕೂತಿದ್ದ ಒಬ್ಬ ಆಯಿ ನಮ್ಮ ಹಿಂದಿನ ಓಣಿಯಲ್ಲೇ ಇದ್ದಾರೆ. ಹಾಸಿಗೆ ಹಿಡಿದಿದ್ದಾರೆ, ಮಾತು ಮಾತ್ರ ಗಟ್ಟಿ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ.

ಕೂಲಿ ತೂಕದ ಮೇಲೆ ಇತ್ತಂತೆ. ಒಂದು ಅಂಗಡಿಯಲ್ಲಿ ತಕ್ಕಡಿ ಹಿಡಿಯುವವನು ದಿನಾ ಸ್ವಲ್ಪ ಕಡಿಮೆ ತೂಗುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಕೆಲಸ ಹೋಗುವ ಭಯಕ್ಕೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಅಜ್ಜಿ ತನ್ನ ಚೀಲದ ಮೇಲೆ ಕೂತುಬಿಟ್ಟಳಂತೆ. "ಪಕ್ಕದ ಅಂಗಡಿ ತಕ್ಕಡ್ಯಾಗ ತೂಗಸ್ರಿ, ಅಲ್ಲಿತನಕ ಏಳೂದಿಲ್ಲ." ಕತ್ತಲಾದರೂ ಏಳಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಚೀಲದ ಮೇಲೆ ಕೂತರು. ಕೊನೆಗೆ ಮಾಲೀಕರೇ ಬಂದು ಬೇರೆ ತಕ್ಕಡಿ ತರಿಸಿ ತೂಗಿಸಿದರು. ಎಲ್ಲರಿಗೂ ಹೆಚ್ಚು ಬಂತು. "ನಿಮ್ಮಜ್ಜಿ ಮರುದಿನ ಎಂದಿನ ಹಂಗ ಬಂದು ಕುಂತ್ಲು, ಅದರ ಬಗ್ಗೆ ಒಂದು ಮಾತಿಲ್ಲ" ಅಂದರು ಆಯಿ. ಆಗ ಅಜ್ಜ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲವಂತೆ. ಅದನ್ನು ಕೇಳಿದಾಗ ಅಪ್ಪ ಎದ್ದು ಹೊರಗೆ ಹೋದರು.

ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಮೂಗಿಗೆ ಬಟ್ಟೆ ಕಟ್ಟುವುದು, ಕೂರುವ ಮೊದಲೇ ಕೈಗೆ ಎಣ್ಣೆ ಸವರಿಕೊಳ್ಳುವುದು, ಉಗುರಿನಿಂದ ಮುರಿಯದೆ ಬೆರಳು ತಿರುವಿ ತೊಟ್ಟು ಬಿಡಿಸುವುದು, ಎಲ್ಲ ಅಜ್ಜಿಯೇ ಕಲಿಸುತ್ತಿದ್ದಳು. ನಮ್ಮ ಅಪ್ಪ ಕೂಸಾಗಿದ್ದಾಗ ಗೋದಾಮಿನ ಆಚೆ, ಘಾಟು ತಾಗದ ಕಡೆ, ಬೇವಿನ ಮರಕ್ಕೆ ಸೀರೆ ಕಟ್ಟಿ ತೂಗಿದ್ದರಂತೆ. ಸರದಿ ಮೇಲೆ ಒಬ್ಬೊಬ್ಬರು ಎದ್ದು ಹೋಗಿ ನೋಡಿಕೊಂಡು ಬರುತ್ತಿದ್ದರು. ಬರದ ವರ್ಷ ಕಾಯಿ ಇಲ್ಲದೆ ರಸ್ತೆಗೆ ಜಲ್ಲಿ ಒಡೆಯಲು ಹೋಗಿದ್ದರು. ರೇಷನ್ನಿನ ಕೆಂಪು ಜೋಳದ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಒಡೆಯುತ್ತಿತ್ತು. ಅಜ್ಜಿ ಅದನ್ನು ನುಚ್ಚು ಮಾಡಿ, ಇದ್ದ ಕಾಯಲ್ಲೇ ಬೆಳ್ಳುಳ್ಳಿ ಹಾಕಿ ಚಟ್ನಿ ಕುಟ್ಟಿ ಎಲ್ಲರ ಬುತ್ತಿಗೂ ಒಂದಿಷ್ಟು ಇಡುತ್ತಿದ್ದಳಂತೆ. ಆ ಚಟ್ನಿ ನಮ್ಮ ಮನೆಯಲ್ಲಿ ಈಗಲೂ ಹಾಗೇ ಮಾಡುತ್ತೇವೆ. ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಕಲ್ಲಿನ ಮೇಲೆ ಆಕೆಯ ಹೆಸರು, ಮೋಟೆಬೆನ್ನೂರು ಮತ್ತು ಬ್ಯಾಡಗಿ ಎರಡೂ ಊರು, 1935, ಮತ್ತು "ಮೆಣಸಿನಕಾಯಿ ಪೇಟೆಯಲ್ಲಿ ದುಡಿದವಳು" ಅಂತ ಒಂದು ಸಾಲು. ಕೊನೇ ಸಾಲು ಬೇಕೇ ಬೇಕು ಅಂದದ್ದು ಅಪ್ಪ.

ಪುಸ್ತಕಕ್ಕೆ ಇನ್ನೊಂದು ಬಾಕಿ ಇದೆ. ಕೆಲಸ ಮಾಡುತ್ತಾ ಆ ಸಾಲಿನಲ್ಲಿ ಹಾಡುತ್ತಿದ್ದ ಪದಗಳು ಬಹಳ ಇದ್ದವಂತೆ, ಆಯಿಗೆ ಅಲ್ಲಲ್ಲಿ ಒಂದೆರಡು ನುಡಿ ಮಾತ್ರ ನೆನಪಿದೆ. ನಿಮ್ಮ ಮನೆಯಲ್ಲಿ ಬ್ಯಾಡಗಿ ಪೇಟೆಗೆ ಕಾಯಿ ಆರಿಸಲು ಹೋಗುತ್ತಿದ್ದ ಅಜ್ಜಿ, ಅತ್ತೆ, ಚಿಗವ್ವ ಯಾರಾದರೂ ಇದ್ದರೆ ಕೇಳಿ ನೋಡಿ. ಅರ್ಧ ನೆನಪಿದ್ದರೂ ಪರವಾಗಿಲ್ಲ, ಇಲ್ಲಿ ಬರೆಯಿರಿ. ನಾನೇ ಬಂದು ಕೇಳಿ ಬರೆದುಕೊಳ್ಳಬೇಕು ಅಂದರೂ ಬರುತ್ತೇನೆ.